ಫೋನ್ ಎತ್ತಿದ ಮೇಲೂ ಎದೆ ಹಗುರಾಗದಿದ್ದರೆ

ಪ್ರಶ್ನೆ: ನನಗೆ 45 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಟೀಚರ್. ಯಜಮಾನರು ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ವರ್ಷ ಬೈಕ್ ತೆಗೆದುಕೊಂಡ. ಅಲ್ಲಿಂದ ಶುರುವಾಯಿತು ಅಂತ ಕಾಣುತ್ತದೆ. ಅವನು ಫೋನ್ ಎತ್ತದಿದ್ದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಎತ್ತಿದರೆ ಐದು ನಿಮಿಷ ಸಮಾಧಾನ. ಆಮೇಲೆ ಅತ್ತೆಯ ಶುಗರ್, ಸೊಸೈಟಿ ಸಾಲ, ನನ್ನ ಎದೆನೋವು, ಹೀಗೆ ಏನಾದರೊಂದು. ಎಂಟು ತಿಂಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಇಸಿಜಿ, ಎಕೋ ಎಲ್ಲ ನಾರ್ಮಲ್ ಬಂತು. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು, ಪ್ರಯೋಜನವಾಗಲಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟ 0.25 ಮಾತ್ರೆ ನುಂಗಿದ ದಿನ ನಿದ್ದೆ ಬರುತ್ತದೆ. ಉಡುಪಿಯಲ್ಲಿ ತಂಗಿಯ ಮಗಳ ಮದುವೆಗೂ ನಾನು ಹೋಗಲಿಲ್ಲ. ಆಗುಂಬೆ ಘಾಟಿ ನೆನೆದರೇ ಭಯ. ಯಜಮಾನರು "ಚಿಂತೆ ಯಾರಿಗಿಲ್ಲ? ನೀನು ಸುಮ್ನೆ ಜಾಸ್ತಿ ಯೋಚನೆ ಮಾಡ್ತೀಯ" ಅನ್ನುತ್ತಾರೆ. ಇದು ಎಲ್ಲರಿಗೂ ಇರುವ ಚಿಂತೆಯೋ, ಕಾಯಿಲೆಯೋ? ಕಾಯಿಲೆಯಾದರೆ ಜೀವನಪೂರ್ತಿ ಮಾತ್ರೆ ನುಂಗಬೇಕಾ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಒಂದು ಸಾಲಿನಲ್ಲೇ ಇದೆ. ಮಗ ಫೋನ್ ಎತ್ತಿದರೆ ಐದು ನಿಮಿಷ ಸಮಾಧಾನ, ಆಮೇಲೆ ಇನ್ನೊಂದು ಶುರು ಅಂತ ಬರೆದಿದ್ದೀರಿ. ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ಆ ಐದು ನಿಮಿಷದ ಬಗ್ಗೆಯೇ ಮಾತಾಡುತ್ತೇನೆ.

ಜನ ಸಾಮಾನ್ಯವಾಗಿ ಚಿಂತೆಯ ವಿಷಯ ಎಷ್ಟು ದೊಡ್ಡದು ಅಂತ ನೋಡುತ್ತಾರೆ. ವಿಷಯ ನಿಜವಾಗಿದ್ದರೆ ಅದು ಸಹಜ ಚಿಂತೆ, ಸುಳ್ಳಾಗಿದ್ದರೆ ಕಾಯಿಲೆ ಅಂದುಕೊಳ್ಳುತ್ತಾರೆ. ಈ ಅಳತೆ ಕೆಲಸಕ್ಕೆ ಬರುವುದಿಲ್ಲ. ಬೆಂಗಳೂರಿನ ರಸ್ತೆಯಲ್ಲಿ ಕಾಲೇಜು ಹುಡುಗ ಬೈಕ್ ಓಡಿಸುವುದರಲ್ಲಿ ಅಪಾಯ ಇದ್ದೇ ಇದೆ. ಅತ್ತೆಯವರ ಶುಗರ್ ನಿಜ, ಸೊಸೈಟಿ ಸಾಲವೂ ನಿಜ. ನಾನು ನೋಡುವುದು ಬೇರೆ. ಚಿಂತೆಗೆ ಉತ್ತರ ಸಿಕ್ಕಿತಲ್ಲ, ಆಮೇಲೆ ಏನಾಯಿತು? ಸಹಜ ಚಿಂತೆಯಾದರೆ ಉತ್ತರ ಸಿಕ್ಕ ಕೂಡಲೇ ಎದ್ದು ಹೋಗುತ್ತದೆ. ಆತಂಕ ವಿಷಯ ಬದಲಿಸಿಕೊಂಡು ಅಲ್ಲೇ ಕೂತಿರುತ್ತದೆ.

ನಿಮ್ಮ ಯಜಮಾನರನ್ನೇ ನೋಡಿ. ಮಲೆನಾಡಿನಲ್ಲಿ ತೋಟ ಇಟ್ಟುಕೊಂಡು ಚಿಂತೆ ಇಲ್ಲದವರು ಯಾರಿದ್ದಾರೆ? ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲಂತೂ ಕೇಳುವುದೇ ಬೇಡ. ಜಡಿಮಳೆ ಹಿಡಿದರೆ ಕೊಳೆ ರೋಗದ ಭಯ ಬೇರೆ. ಅವರಿಗೂ ಒಂದೆರಡು ರಾತ್ರಿ ನಿದ್ದೆ ಕೆಟ್ಟಿರುತ್ತದೆ. ಬೆಳಗಾದ ಮೇಲೆ ಏನು ಮಾಡುತ್ತಾರೆ? ಅಡಿಕೆ ಮರ ಹತ್ತುವ ಕೊನೆಗೌಡನಿಗೆ ನಾಲ್ಕು ಸಲ ಫೋನ್ ಮಾಡುತ್ತಾರೆ. ಮಳೆ ಬಿಟ್ಟ ದಿನ ನೋಡಿ ಕೊಳೆಗೆ ಬೋರ್ಡೋ ಔಷಧಿ ಹೊಡೆಸುತ್ತಾರೆ. ಆ ಸಂಜೆ ಹಾಯಾಗಿ ಕಾಫಿ ಕುಡಿದು ಟೀವಿ ಮುಂದೆ ಕೂರುತ್ತಾರೆ. ಚಿಂತೆ ಅವರನ್ನು ಕೆಲಸಕ್ಕೆ ಹಚ್ಚಿತು, ಕೆಲಸ ಮುಗಿಯಿತು, ಚಿಂತೆಯೂ ಇಳಿಯಿತು. "ಚಿಂತೆ ಯಾರಿಗಿಲ್ಲ" ಅನ್ನುವಾಗ ಅವರ ಮನಸ್ಸಿನಲ್ಲಿರುವುದು ಈ ಥರದ ಚಿಂತೆ. ಅವರು ಹೇಳುವುದು ಸುಳ್ಳಲ್ಲ. ನಿಮಗೆ ಆಗುತ್ತಿರುವುದು ಅದಲ್ಲ, ಅಷ್ಟೆ.

2025ರ ಜೂನ್, ಜುಲೈ ನೆನಪಿದೆಯಾ? ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಟೀವಿಯಲ್ಲಿ ಬರುತ್ತಿದ್ದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನಿಂದಲೇ ಕ್ಯೂ ನಿಂತರು. ಅಂಥ ಸುದ್ದಿ ಕೇಳಿ ಗಾಬರಿಯಾಗುವುದು ಸಹಜ. ಇಸಿಜಿ ಮಾಡಿಸಿ, ಏನಿಲ್ಲ ಅಂತ ಗೊತ್ತಾಗಿ, ದಾರಿಯಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಹೋದವರಿಗೆ ಇದ್ದದ್ದು ಚಿಂತೆ. ಕೆಲವರು ಮರುವಾರವೇ ಇನ್ನೊಂದು ಆಸ್ಪತ್ರೆಗೆ ಹೋಗುತ್ತಾರೆ. "ಮೆಷಿನ್ ಸರಿ ಇತ್ತೋ ಇಲ್ವೋ" ಅಂತ ಅನುಮಾನ ಪಡುತ್ತಾರೆ. ಹಾರ್ಟ್ ಸರಿ ಇದೆ ಅಂತ ಒಪ್ಪಿದ ಮೇಲೆ ಕ್ಯಾನ್ಸರ್ ಇದೆಯಾ ಅಂತ ಶುರು ಮಾಡುತ್ತಾರೆ. ನಾರ್ಮಲ್ ರಿಪೋರ್ಟ್ ಕೈಯಲ್ಲಿದ್ದೂ ಸಮಾಧಾನ ನಿಲ್ಲದವರಿಗೆ ಹಾರ್ಟ್ ಡಾಕ್ಟರ್ ಮಾಡುವುದು ಏನೂ ಉಳಿದಿರುವುದಿಲ್ಲ. ಅವರು ನಮ್ಮಂಥ ಮನೋವೈದ್ಯರ ಹತ್ತಿರ ಬರಬೇಕು.

ಎದೆ ಬಿಗಿಯುವುದು, ಕೈಕಾಲು ತಣ್ಣಗಾಗುವುದು ನಿಮ್ಮ ಕಲ್ಪನೆ ಅಂತ ಯಾರಾದರೂ ಹೇಳಿದ್ದರೆ ಮರೆತುಬಿಡಿ. ಅದು ನಿಜವಾಗಿ ಆಗುತ್ತದೆ. ಅಪಾಯ ಅಂತ ಮಿದುಳಿಗೆ ಅನ್ನಿಸಿದರೆ ಸಾಕು, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ. ಚರ್ಮದ ರಕ್ತನಾಳ ಕುಗ್ಗಿ ಕೈಕಾಲು ತಣ್ಣಗಾಗುತ್ತವೆ. ಹೊಟ್ಟೆ ತನ್ನ ಕೆಲಸ ಅರ್ಧಕ್ಕೇ ಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಅರ್ಧ ಆತಂಕ "ಗ್ಯಾಸ್ಟ್ರಿಕ್" ಅನ್ನುವ ಹೆಸರಲ್ಲೇ ಓಡಾಡುತ್ತದೆ. ಕತ್ತು, ಭುಜ ಬಿಗಿಹಿಡಿದು ಸಂಜೆಗೆ ತಲೆ ಭಾರವಾಗುತ್ತದೆ. ಈ ವ್ಯವಸ್ಥೆ ಇರಬೇಕಾದ್ದೇ. ಹಾವು ಕಂಡಾಗ ನಿಮ್ಮನ್ನು ಹಿಂದಕ್ಕೆ ನೆಗೆಸುವುದೂ ಇದೇ. ಮನೆ ನಾಯಿ ಕಳ್ಳನನ್ನು ಕಂಡು ಬೊಗಳಿದರೆ ಒಳ್ಳೆಯದು. ತೋಟದಲ್ಲಿ ಅಡಿಕೆ ಹಾಳೆ ಬಿದ್ದ ಸದ್ದಿಗೆಲ್ಲ ರಾತ್ರಿಯಿಡೀ ಬೊಗಳತೊಡಗಿದರೆ ಮನೆಯವರು ಮಲಗುವುದು ಹೇಗೆ? ನಿಮ್ಮ ಮೈಯಲ್ಲಿ ಈಗ ಆಗುತ್ತಿರುವುದು ಅದು.

ಈಗ ವೈದ್ಯರ ಅಳತೆಗೆ ಬರೋಣ. ಅರ್ಧಕ್ಕಿಂತ ಹೆಚ್ಚು ದಿನ ಚಿಂತೆ ಇರಬೇಕು. ಅದು ಒಂದೇ ವಿಷಯಕ್ಕೆ ನಿಲ್ಲದೆ ಹಲವು ವಿಷಯಕ್ಕೆ ಹರಡಿರಬೇಕು. ನಿಲ್ಲಿಸೋಣ ಅಂದರೂ ನಿಲ್ಲದಿರಬೇಕು. ಜೊತೆಗೆ ಕೂತಲ್ಲಿ ಕೂರಲಾಗದ ತಳಮಳ, ಬೇಗ ಸುಸ್ತು, ಗಮನ ತಪ್ಪುವುದು, ಸಿಡುಕು, ಮೈ ಬಿಗಿತ, ನಿದ್ದೆ ಕೆಡುವುದು, ಇವುಗಳಲ್ಲಿ ಮೂರಾದರೂ ಇರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ಆರು ತಿಂಗಳ ಲೆಕ್ಕ ಹೇಳುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಹಲವು ತಿಂಗಳು ಅನ್ನುತ್ತದೆ. ಇದಕ್ಕೆ ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಅನ್ನುತ್ತೇವೆ. ಪತ್ರ ಓದಿ ಕಾಯಿಲೆ ಇದೇ ಅಂತ ಮುದ್ರೆ ಒತ್ತುವ ಹಾಗಿಲ್ಲ. ಆದರೆ ಎಂಟು ತಿಂಗಳು, ವಿಷಯದಿಂದ ವಿಷಯಕ್ಕೆ ಹಾರುವ ಚಿಂತೆ, ರಾತ್ರಿ ಎರಡರ ಎಚ್ಚರ ಎಲ್ಲ ಆ ಕಡೆಗೇ ಕೈ ತೋರಿಸುತ್ತಿವೆ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಮದುವೆಯ ವಿಷಯ. ಚಿಂತೆ ಮಾಡುತ್ತಲೇ ಮದುವೆಗೆ ಹೋಗಿ ಬಂದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ತಂಗಿಯ ಮಗಳ ಧಾರೆಗೆ ದೊಡ್ಡಮ್ಮ ಇಲ್ಲ ಅಂದರೆ ಸಣ್ಣ ಮಾತಲ್ಲ. ನೀವು ಹೋಗುವ, ಬರುವ, ಮಾಡುವ ಕೆಲಸಗಳನ್ನು ಭಯ ಒಂದೊಂದಾಗಿ ಕಿತ್ತುಕೊಳ್ಳುತ್ತಿದೆ. ಹಾಗಾದಾಗ ಹೆಸರು ಯಾವುದೇ ಇರಲಿ, ಸಹಾಯ ಪಡೆಯುವ ಹೊತ್ತು ಬಂದಿದೆ.

ಹಾಗಂತ ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸಬೇಡಿ. ನಿಮ್ಮ ವಯಸ್ಸಿಗೆ ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಗಳು ಶುರುವಾಗಿರಬಹುದು. ಎದೆ ಢವಢವ, ರಾತ್ರಿ ಬೆವರು, ನಿದ್ದೆಗೇಡು ಅದರಲ್ಲೂ ಇರುತ್ತವೆ. ಥೈರಾಯ್ಡ್ ಜಾಸ್ತಿಯಾದರೆ ಥೇಟ್ ಆತಂಕದ ಹಾಗೇ ಕಾಣುತ್ತದೆ. ಕೈ ನಡುಕ, ತೂಕ ಇಳಿಯುವುದು, ಸೆಖೆ ತಡೆಯಲಾಗದಿರುವುದು ಇದ್ದರೆ ಟಿಎಸ್ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಲೇಬೇಕು. ಹಿಮೋಗ್ಲೋಬಿನ್ ಕೂಡ ಒಮ್ಮೆ ನೋಡಿಸಿ. ಅಸ್ತಮಾಕ್ಕೆ ಸೇದುವ ಕೆಲವು ಇನ್ಹೇಲರ್‌ಗಳೂ ಎದೆಬಡಿತ ಏರಿಸುತ್ತವೆ. ಇನ್ನು ಕಾಫಿ. ಮಲೆನಾಡಿನವರಿಗೆ ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ದಿನಕ್ಕೆ ಎರಡು ಲೋಟಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ಇನ್ನೊಂದು ಮಾತು. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಂಡಿದ ಹಾಗಾಗಿ, ನೋವು ಎಡತೋಳಿಗೋ ದವಡೆಗೋ ಹರಿದು, ತಣ್ಣನೆ ಬೆವರು ಬಂದರೆ "ಇದು ಆತಂಕ ಇರಬೇಕು" ಅಂತ ಕೂರಬೇಡಿ. ಹಳೆಯ ಇಸಿಜಿ ನಾರ್ಮಲ್ ಇದ್ದರೂ ಸೀದಾ ಆಸ್ಪತ್ರೆಗೆ ಹೋಗಿ.

ಮನೆಯಲ್ಲೇ ಒಂದು ಅಂದಾಜು ಬೇಕಿದ್ದರೆ ಜಿಎಡಿ-7 ಅಂತ ಏಳು ಪ್ರಶ್ನೆಗಳ ಪಟ್ಟಿ ಇದೆ, 2006ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರು ಅಂಕ, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರನ್ನು ಕಾಣಿ. ಅಂಕ ನೋಡಿ ಕಾಯಿಲೆ ತೀರ್ಮಾನಿಸಬೇಡಿ. ದಿನಾ ಬಿಡಿಸುತ್ತಲೂ ಕೂರಬೇಡಿ, ಅದೂ ಒಂದು ಚಿಂತೆಯಾಗುತ್ತದೆ.

ಮತ್ತೆ ಫೋನಿಗೆ ಬರುತ್ತೇನೆ. ಮಗನಿಗೆ ದಿನಕ್ಕೆ ಎಷ್ಟು ಸಲ ಫೋನ್ ಮಾಡುತ್ತೀರಿ ಅಂತ ನೀವು ಬರೆದಿಲ್ಲ. ಕೇಳಿದರೆ ಹೆಚ್ಚಿನ ತಾಯಂದಿರು "ಎರಡೋ ಮೂರೋ" ಅನ್ನುತ್ತಾರೆ. ಕಾಲ್ ಲಿಸ್ಟ್ ತೆಗೆದು ನೋಡಿದರೆ ಬೇರೆಯೇ ಇರುತ್ತದೆ. ಜೊತೆಗೆ ವಾಟ್ಸಾಪ್‌ನಲ್ಲಿ ಲಾಸ್ಟ್ ಸೀನ್ ನೋಡುವುದು, ರೂಮ್‌ಮೇಟಿಗೆ ಮೆಸೇಜ್ ಹಾಕುವುದು, ಲೊಕೇಶನ್ ಹಾಕಿಸಿಕೊಂಡು ಚುಕ್ಕಿ ಚಲಿಸುತ್ತಿದೆಯಾ ಅಂತ ನೋಡುತ್ತಾ ಕೂರುವುದು. ಇಲ್ಲಿ ಒಂದು ಸಿಕ್ಕು ಇದೆ. ಫೋನ್ ಮಾಡಿದ ಕೂಡಲೇ ಭಯ ಇಳಿಯುತ್ತದೆ. ಹಾಗಾಗಿ ಮಿದುಳು ಒಂದು ಪಾಠ ಕಲಿಯುತ್ತದೆ: "ಫೋನ್ ಮಾಡಿದ್ದಕ್ಕೇ ಅವನು ಕ್ಷೇಮ." ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ. ಅವನ ಪಾಡಿಗೆ ಅವನು ಕ್ಷೇಮವಾಗಿಯೇ ಇದ್ದ ಅನ್ನುವುದು ನಿಮಗೆ ಗೊತ್ತಾಗಲು ಅವಕಾಶವೇ ಸಿಗುವುದಿಲ್ಲ. ಪದೇ ಪದೇ ಕೇಳಿ ಖಾತ್ರಿ ಮಾಡಿಕೊಳ್ಳುವುದು ಸಮಾಧಾನದ ಹಾಗೆ ಕಂಡರೂ ಆತಂಕ ಬೆಳೆಯುವುದು ಅದರಿಂದಲೇ. ಹರಕೆಯೂ ಅಷ್ಟೆ. ದೇವರ ಮೇಲೆ ಭಾರ ಹಾಕಿ ಮನಸ್ಸು ಹಗುರ ಮಾಡಿಕೊಂಡರೆ ನನ್ನ ತಕರಾರಿಲ್ಲ. ಅದೇ ಭಯಕ್ಕೆ ವಾರ ವಾರ ಹೊಸ ಹರಕೆ ಹೊರುತ್ತಿದ್ದರೆ, ಅದನ್ನೂ ಈ ಲೆಕ್ಕಕ್ಕೇ ಸೇರಿಸುತ್ತೇನೆ.

ಮಗನ ಜೊತೆ ಕೂತು ಮಾತಾಡಿ. ರಾತ್ರಿ ಒಂಬತ್ತಕ್ಕೆ ಒಂದು ಫೋನ್, ಅವನೇ ಮಾಡುತ್ತಾನೆ. ನಡುವೆ ನೀವು ಮಾಡುವುದಿಲ್ಲ. ಲೊಕೇಶನ್ ಬೇಡ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮೊದಲ ಕೆಲವು ದಿನ ಸಂಕಟ ಜಾಸ್ತಿಯೇ ಆಗುತ್ತದೆ. ಸಂಜೆ ಐದಕ್ಕೆ ಕೈ ಫೋನಿನ ಕಡೆಗೇ ಹೋಗುತ್ತದೆ. ಆಗ ಹತ್ತು ನಿಮಿಷ ತಡೆಯಿರಿ. ಭಯ ಏರುತ್ತದೆ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ತಾನಾಗಿಯೇ ಇಳಿಯುತ್ತದೆ. ಫೋನ್ ಮಾಡದೆಯೂ ಇಳಿಯಿತು ಅಂತ ಮೈಗೆ ಗೊತ್ತಾಗುವುದು ಮುಖ್ಯ. ದಿನಕ್ಕೊಂದು ಫೋನ್ ತೀರಾ ಕಷ್ಟವಾದರೆ ಮೂರರಿಂದ ಶುರು ಮಾಡಿ ಇಳಿಸುತ್ತಾ ಬನ್ನಿ.

ರಾತ್ರಿ ಎರಡು ಗಂಟೆಯ ಯೋಚನೆಗಳಿಗೆ ಒಂದು ಹಳೆಯ ಉಪಾಯ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಚಿಂತೆಗೆ ಅಂತ ದಿನಕ್ಕೆ ಅರ್ಧ ಗಂಟೆ ಎತ್ತಿಡಿ. ದಿನಾ ಒಂದೇ ಹೊತ್ತು, ಒಂದೇ ಜಾಗ. ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ ಜಗಲಿಯಲ್ಲಿ ಕೂರಬಹುದು. ಹಾಸಿಗೆಯ ಮೇಲೆ ಮಾತ್ರ ಬೇಡ. ದಿನದಲ್ಲಿ ಯಾವ ಚಿಂತೆ ಬಂದರೂ ಒಂದು ಸಾಲು ಬರೆದಿಟ್ಟು "ಸಂಜೆ ನೋಡ್ಕೊಳ್ಳೋಣ" ಅನ್ನಿ. ಸಂಜೆ ಆ ಪಟ್ಟಿ ತೆಗೆಯಿರಿ. "ಅತ್ತೆಯ ಶುಗರ್ ಮಾತ್ರೆ ಶುಕ್ರವಾರಕ್ಕೆ ಮುಗಿಯುತ್ತದೆ" ಅಂತಿದ್ದರೆ ಅದಕ್ಕೆ ಕೆಲಸ ಇದೆ, ಯಾರು ಯಾವಾಗ ತರಬೇಕು ಬರೆಯಿರಿ. "ಅವರಿಗೆ ಹೆಚ್ಚುಕಮ್ಮಿ ಆಗಿಬಿಟ್ಟರೆ?" ಅಂತಿದ್ದರೆ ಅದಕ್ಕೆ ಇವತ್ತು ಮಾಡುವ ಕೆಲಸ ಏನೂ ಇಲ್ಲ. ಅದನ್ನು ಹಾಗೇ ನೋಡಿ, ಬೇಕಿದ್ದರೆ ಅರ್ಧ ಗಂಟೆ ಪೂರ್ತಿ ಅದನ್ನೇ ಯೋಚಿಸಿ. ಬೇಡ ಅಂತ ತಳ್ಳಿದ ಯೋಚನೆ ರಾತ್ರಿ ಎರಡಕ್ಕೆ ಬರುತ್ತದೆ. ಬಾ ಅಂತ ಕರೆದು ಕೂರಿಸಿದರೆ ಹದಿನೈದು ನಿಮಿಷಕ್ಕೇ ಹಳಸಲಾಗುತ್ತದೆ. ಶಾಲೆ ನಡೆಸುವವರಿಗೆ ಟೈಮ್‌ಟೇಬಲ್ ಹೊಸದಲ್ಲ, ಅಲ್ವಾ?

ಉಸಿರಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ. ನಿಧಾನವಾಗಿ ಎಳೆದು, ಎಳೆದದ್ದಕ್ಕಿಂತ ಉದ್ದವಾಗಿ ಬಿಡುವುದು ಆ ಹೊತ್ತಿಗೆ ಎದೆಬಡಿತ ತಗ್ಗಿಸುತ್ತದೆ. ಮಾಡಿ, ಒಳ್ಳೆಯದು. ಅದರಿಂದಲೇ ಆತಂಕ ಹೋಗುತ್ತದೆ ಅಂತ ನಂಬಿಸಿದರೆ ಮಾತ್ರ ನಂಬಬೇಡಿ. "ಪಾಸಿಟಿವ್ ಆಗಿ ಯೋಚಿಸಿ" ಅನ್ನುವ ಸಲಹೆಯಿಂದ ಯಾರಿಗೂ ಗುಣವಾದದ್ದು ನಾನು ಕಂಡಿಲ್ಲ.

ಆಗುಂಬೆ ಘಾಟಿಯನ್ನು ಒಮ್ಮೆಗೇ ಗೆಲ್ಲಲು ಹೋಗಬೇಡಿ, ಬಿಟ್ಟೂ ಬಿಡಬೇಡಿ. ಮೊದಲು ಒಂದು ಭಾನುವಾರ ಸೂರ್ಯಾಸ್ತ ನೋಡುವ ಜಾಗದವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕೂತು ವಾಪಸ್ ಬನ್ನಿ. ಅದು ಸಲೀಸಾಗುವವರೆಗೆ ಅಷ್ಟೇ. ಆಮೇಲೆ ಹಗಲಲ್ಲಿ, ಮಳೆ ಇಲ್ಲದ ದಿನ, ಹದಿನಾಲ್ಕೂ ತಿರುವು ಇಳಿದು ಸೋಮೇಶ್ವರದಲ್ಲಿ ಟೀ ಕುಡಿದು ಹತ್ತಿ ಬನ್ನಿ. ಕಣ್ಣು ಮುಚ್ಚಿಕೊಂಡು ಕೂರಬೇಡಿ, ಯಜಮಾನರ ತೋಳು ಹಿಡಿದುಕೊಳ್ಳಬೇಡಿ. ಭಯ ಇದ್ದೇ ಇರುತ್ತದೆ. ಭಯ ಇದ್ದರೂ ತಿರುವು ದಾಟಬಹುದು ಅನ್ನುವುದು ಗೊತ್ತಾದರೆ ಸಾಕು. ಉಡುಪಿ ಆಮೇಲೆ. ನಾನು ಮೇಲೆ ಬರೆದದ್ದೆಲ್ಲ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯ ಭಾಗಗಳೇ. ತರಬೇತಾದ ಮನಶ್ಶಾಸ್ತ್ರಜ್ಞರ ಜೊತೆ ಮಾಡಿದರೆ ಹಿಡಿತ ಬೇಗ ಸಿಗುತ್ತದೆ.

ಮಾತ್ರೆಯ ಪ್ರಶ್ನೆ ಕೇಳಿದ್ದೀರಿ. ನಿಮ್ಮ 0.25 ಮಾತ್ರೆಯ ಸ್ಟ್ರಿಪ್ ತೆಗೆದು ನೋಡಿ, ಬಹುಶಃ ಆಲ್ಪ್ರಜೋಲಾಮ್ ಅಥವಾ ಕ್ಲೋನಜೆಪಾಮ್ ಅಂತ ಇರುತ್ತದೆ. ಚೀಟಿ ಇಲ್ಲದೆ ಇದನ್ನು ಮಾರುವ ಹಾಗೇ ಇಲ್ಲ. ಅರ್ಧ ಗಂಟೆಯಲ್ಲಿ ಭಯ ಇಳಿಸುತ್ತದೆ, ಅದೇ ಅದರ ತೊಂದರೆ. ಮೈ ಒಗ್ಗಿಕೊಳ್ಳುತ್ತದೆ, ಆಮೇಲೆ ಒಂದು ಸಾಲದು, ಎರಡು ಬೇಕು. ವಾರಗಟ್ಟಲೆ ದಿನಾ ತೆಗೆದುಕೊಂಡಿದ್ದರೆ ಈ ಉತ್ತರ ಓದಿ ತಟಕ್ಕನೆ ನಿಲ್ಲಿಸಬೇಡಿ. ನಡುಕ, ನಿದ್ದೆ ಪೂರ್ತಿ ಹೋಗುವುದು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಆತಂಕಕ್ಕೆ ನಾವು ಮೊದಲು ಕೊಡುವ ಮಾತ್ರೆಗಳೇ ಬೇರೆ. ಎಸಿಟಲೋಪ್ರಾಮ್, ಸರ್ಟ್ರಾಲಿನ್ ಆ ಗುಂಪಿನವು. ನುಂಗಿದ ದಿನವೇ ಏನೂ ಆಗುವುದಿಲ್ಲ. ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ತಳಮಳ ತುಸು ಜಾಸ್ತಿಯೇ ಅನ್ನಿಸಬಹುದು. ತುಂಬಾ ಜನ ಅಲ್ಲೇ ಬಿಟ್ಟು "ನನಗೆ ಆಗಿ ಬರಲಿಲ್ಲ" ಅನ್ನುತ್ತಾರೆ. ಚಟ ಹಿಡಿಸುವ ಮಾತ್ರೆಗಳಲ್ಲ ಇವು. ಗುಣ ಕಂಡ ಮೇಲೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ನಿಧಾನವಾಗಿ ನಿಲ್ಲಿಸುತ್ತೇವೆ. ಕೆಲವರಿಗೆ ಮತ್ತೆ ಬರುತ್ತದೆ, ಮತ್ತೆ ಕೊಡುತ್ತೇವೆ. ಎಲ್ಲರಿಗೂ ಮಾತ್ರೆ ಬೇಕು ಅಂತಲೂ ಇಲ್ಲ. ನಿಮ್ಮ ನಿದ್ದೆಯ ಕತೆ ನೋಡಿದರೆ ಬೇಕಾಗಬಹುದು ಅಂತ ನನ್ನ ಅಂದಾಜು.

ಇದಕ್ಕೆ ಬೆಂಗಳೂರಿಗೇ ಹೋಗಬೇಕಿಲ್ಲ. ಜಿಲ್ಲಾ ಮಟ್ಟದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ. ಅದೇ ಮಾದರಿ 1996ರಿಂದ ದೇಶಕ್ಕೆ ಹಬ್ಬಿತು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ. ಯಾರಾದರೂ ನೋಡಿದರೆ ಅಂತ ಮುಜುಗರ ಇದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಮಂಗಳವಾರಕ್ಕೆ ಕಾಯಬೇಡಿ. ಅವತ್ತೇ ಮನೆಯವರಿಗೆ ಹೇಳಿ, ಅವತ್ತೇ ಈ ನಂಬರಿಗೆ ಫೋನ್ ಮಾಡಿ.

ಈ ಪುಟವನ್ನು ಯಜಮಾನರಿಗೂ ಓದಲು ಕೊಡಿ. ಅವರಿಗೆ ಒಂದೇ ಮಾತು: "ಏನೂ ಆಗಲ್ಲ ಬಿಡು" ಅಂತ ದಿನಕ್ಕೆ ಹತ್ತು ಸಲ ಹೇಳಬೇಡಿ, ಗದರಲೂ ಬೇಡಿ. "ಮತ್ತೆ ಶುರುವಾಯ್ತಾ? ಸಂಜೆ ಕೂತು ಮಾತಾಡೋಣ" ಅನ್ನಿ, ಸಂಜೆ ನಿಜವಾಗಿ ಕೂರಿ. ಆಸ್ಪತ್ರೆಗೆ ಹೋಗುವ ದಿನ ಇಬ್ಬರೂ ಹೋಗಿ. ಇಸಿಜಿ, ಎಕೋ ಫೈಲು, ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳು ಕೈಯಲ್ಲಿರಲಿ. ಆ 0.25ನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಡಾಕ್ಟರ್ ಬೈಯುತ್ತಾರೆ ಅಂತ ಜನ ಮುಚ್ಚಿಡುವುದು ಹೆಚ್ಚಾಗಿ ಅದನ್ನೇ.